ಮಗ್ಗ ನಿಂತಾಗ ಕೇಳಿಸಿದ ಹಕ್ಕಿ

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ರಾಯದುರ್ಗದ ಕೋಟೆಬೆಟ್ಟದ ಕೆಳಗಿದ್ದ ಆ ಬೀದಿಯ ಎರಡೂ ಕಡೆ ನೇಕಾರರ ಮನೆಗಳು. ಪ್ರತಿ ಮನೆಯ ಪಡಸಾಲೆಯಲ್ಲಿ ಒಂದೋ ಎರಡೋ ಕೈಮಗ್ಗ. ಬೆಳಕು ಹರಿಯುತ್ತಲೇ ಎಲ್ಲವೂ ಒಟ್ಟಿಗೆ ಶುರುವಾಗುತ್ತಿದ್ದವು. ಲಾಳಿ ಈ ತುದಿಯಿಂದ ಆ ತುದಿಗೆ ಓಡಿ ಮರಕ್ಕೆ ಬಡಿದಾಗ ಟಕ್. ಎಳೆಯನ್ನು ಬಡಿದು ಕೂರಿಸುವಾಗ ದಡ್. ಟಕ್, ದಡ್, ಟಕ್, ದಡ್, ಸಂಜೆಯವರೆಗೂ. ಉಪ್ಪು ಬೇಕು ಅನ್ನಲಿಕ್ಕೂ ಕೂಗಬೇಕಿತ್ತು. ಶಾಲೆಗೆ ಸೇರಿದ ಮೊದಲ ದಿನ ಮೇಷ್ಟ್ರು ಹೆಸರು ಕೇಳಿದಾಗ ನಾನು ಬೀದಿಯಲ್ಲಿ ಕೂಗುವ ಹಾಗೆ ಕೂಗಿ ಹೇಳಿದೆನಂತೆ, ತರಗತಿಯೆಲ್ಲ ನಕ್ಕಿತಂತೆ.

'ಅಂತೆ' ಅಂದೆ, ಯಾಕೆಂದರೆ ಅದು ನನಗೆ ನೆನಪಿಲ್ಲ. ಅಕ್ಕ ಹೇಳಿದ್ದು. ಈಗ ಹೇಳಹೊರಟ ದಿನದ ವಿಷಯದಲ್ಲೂ ಅಕ್ಕನಿಗೆ ನೆನಪಿರುವುದು ಒಂದು, ನನಗೆ ನೆನಪಿರುವುದು ಇನ್ನೊಂದು. ಎರಡನ್ನೂ ಸೇರಿಸಿ ಹೊಲಿದರೆ ಕಥೆ ಚೆಂದವಾಗುತ್ತದೆ, ಆದರೆ ಅಷ್ಟು ಚೆಂದ ನಡೆದಿರಲಿಲ್ಲ. ಹಾಗಾಗಿ ಹೊಲಿಯದೆ ಹೇಳುತ್ತೇನೆ.

ಆಗ ನಮ್ಮೂರು ಮದ್ರಾಸು ಪ್ರಾಂತ್ಯದಲ್ಲಿತ್ತು. ನಮ್ಮ ಪಡಸಾಲೆಯಲ್ಲಿ ಎರಡು ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಒಂದರಲ್ಲಿ ಅಪ್ಪ ಕೂರುತ್ತಿದ್ದ, ಇನ್ನೊಂದರಲ್ಲಿ ಅಮ್ಮ. ಗೋಡೆಯ ಪಕ್ಕ ಅಕ್ಕ ರಾಟೆ ತಿರುಗಿಸುತ್ತ ಲಾಳಿಯೊಳಗೆ ಇಡುವ ಪುಟ್ಟ ಕೊಳವೆಗಳಿಗೆ ನೂಲು ಸುತ್ತುತ್ತಿದ್ದಳು. ಮನೆಯಲ್ಲಿ ಯಾವಾಗಲೂ ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ. ಮಗ್ಗದಲ್ಲಿ ಕೂತಾಗ ಅಪ್ಪ ಅಮ್ಮ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು. ಮಾತು ಸರಿಯಾಗಿ ತಿಳಿಯದಿದ್ದರೆ ಅಮ್ಮ ಕೈ ನಿಲ್ಲಿಸಿ, ಕತ್ತು ಚಾಚಿ, ತಲೆಯನ್ನು ಒಂದು ಕಡೆ ವಾಲಿಸಿ ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಹತ್ತು ವರ್ಷದವನಿದ್ದಾಗಿನಿಂದ ಮಗ್ಗದಲ್ಲಿ ಕೂತ ಅಪ್ಪನಿಗೆ ಕಿವಿ ಅರ್ಧ ಹೋಗಿತ್ತು. ಮಗ್ಗ ನಿಂತಾಗಲೂ ಅವನಿಗೆ ಸಣ್ಣ ಶಬ್ದಗಳು ಕೇಳುತ್ತಿರಲಿಲ್ಲ.

ಅಂಥ ಮನೆಗೆ ಸಂಕ್ರಾಂತಿಯ ಹೊತ್ತಿಗೆ ಎರಡು ಹಕ್ಕಿಗಳು ಬಂದವು. ತಂದವನು ಮಡಕಶಿರದ ತಾತ. ನಮ್ಮ ಸ್ವಂತ ತಾತ ಅಲ್ಲ. ಮಡಕಶಿರದ ಕಡೆಯ ನವಣೆ ಹೊಲಗಳಲ್ಲಿ ಬಲೆ ಹಾಕಿ ಹಕ್ಕಿ ಹಿಡಿದು, ಬಿದಿರು ಪಂಜರಗಳನ್ನು ಹೆಗಲ ಮೇಲಿನ ಕೋಲಿನ ಎರಡು ತುದಿಗೆ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ ಮುದುಕ. ಎಲ್ಲ ಮಕ್ಕಳೂ ಅವನನ್ನು ಹಾಗೇ ಕರೆಯುತ್ತಿದ್ದರು. ಅಪ್ಪ ತಾನೇ ನೇಯ್ದ ಒಂದು ಪಂಚೆ ಕೊಟ್ಟು ಅಕ್ಕನಿಗೆಂದು ಆ ಜೋಡಿಯನ್ನು ತೆಗೆದುಕೊಂಡ.

ಗುಬ್ಬಿಗಿಂತ ಚಿಕ್ಕವು. ಬೆನ್ನು ಹುಣಸೆಹಣ್ಣಿನ ಬಣ್ಣ. ದಪ್ಪ ಕೊಕ್ಕು. ಬಿಳಿ ಎದೆಯ ಮೇಲೆ ಮೀನಿನ ಹುರುಪೆಯಂಥ ಕಂದು ಗೆರೆಗಳು. ಪುಸ್ತಕಗಳಲ್ಲಿ ಚುಕ್ಕೆ ರಾಟವಾಳ ಅನ್ನುತ್ತಾರೆ. ಆಗ ನಮಗೆ ಅದು ಬರೀ ಚುಕ್ಕಿಹಕ್ಕಿ. ಅಪ್ಪ ಒಂದನ್ನು ಮುಷ್ಟಿಯಲ್ಲಿ ಹಿಡಿದು ಎದೆಯ ಗೆರೆಗಳನ್ನು ಬಹಳ ಹೊತ್ತು ನೋಡಿ, "ಇದನ್ನ ಯಾ ಮಗ್ಗದಾಗ ನೇಯ್ದಾರೋ ಏನೋ. ಒಂದ್ ಎಳಿ ಸೈತ ತಪ್ಪಿಲ್ಲ ನೋಡು," ಅಂದ.

ಮಗ್ಗದ ಹಳೆಯ ಬಿದಿರು ಕಡ್ಡಿಗಳಿಂದ ಅಪ್ಪ ಕಿಟಕಿಯಷ್ಟು ದೊಡ್ಡ ಪಂಜರ ಮಾಡಿ ಅಕ್ಕನ ರಾಟೆಯ ಮೇಲೆ ತೂಗುಹಾಕಿದ. ನವಣೆ, ಸಾಮೆ ಅವುಗಳ ಊಟ. ನಾರುಬೇರು ಮಾರುವ ಗಂಧಿಗೆ ಅಂಗಡಿಯಿಂದ ಅಜ್ಜಿ ತರಿಸಿದ, ಸುಣ್ಣದಂಥ ಕಡಲನೊರೆಯ ತುಂಡನ್ನು ಕಡ್ಡಿಗೆ ಸಿಕ್ಕಿಸಿದರೆ ಎರಡೂ ಅದನ್ನು ಕೆರೆದು ತಿನ್ನುತ್ತಿದ್ದವು. ತೆಂಗಿನ ಚಿಪ್ಪಿನಲ್ಲಿ ನೀರಿಟ್ಟರೆ ಒಂದಾದ ಮೇಲೆ ಒಂದು ಸ್ನಾನ. ಮುಗಿದಾಗ ಅರ್ಧ ನೀರು ಅಕ್ಕನ ತಲೆಯ ಮೇಲೆ.

ಆಷಾಢದ ಮಳೆ ಬಿದ್ದ ಮೇಲೆ ಅವು ಗೂಡು ಕಟ್ಟಲು ಹೊರಟವು. ಸಿಕ್ಕಿದ್ದನ್ನೆಲ್ಲ ಕೊಕ್ಕಿನಲ್ಲಿ ಹಿಡಿದು ಪಂಜರದ ತುಂಬ ಓಡಾಟ. ನಾವು ನೇಕಾರರು, ನಮ್ಮ ಬುದ್ಧಿಗೆ ಏನು ಹೊಳೆಯುತ್ತದೆ? ಉಳಿದ ನೂಲಿನ ಎಳೆಗಳನ್ನು ರಾಶಿ ಹಾಕಿದೆವು. ಇಷ್ಟು ಒಳ್ಳೆ ನೂಲು ಸಿಕ್ಕ ಹಕ್ಕಿ ರಾಯದುರ್ಗದಲ್ಲೇ ಇಲ್ಲ ಎಂದು ಹೆಮ್ಮೆ ಬೇರೆ. ಮರುದಿನ ಒಂದು ಹಕ್ಕಿಯ ಕಾಲಿಗೆ ಎಳೆ ಸುತ್ತಿಕೊಂಡು, ಅದು ತಲೆಕೆಳಗಾಗಿ ನೇತಾಡುತ್ತಿತ್ತು. ಅಕ್ಕ ಅಳುತ್ತ ಪುಟ್ಟ ಕತ್ತರಿಯಿಂದ ಬಿಡಿಸಿದಳು. ಹಕ್ಕಿ ಬದುಕಿತು, ಒಂದು ಉಗುರು ಹೋಯಿತು. ಅಂದಿನಿಂದ ಅದರ ಹೆಸರು ಮೊಂಡ. ಇನ್ನೊಂದು ಚುಕ್ಕಿ. ಅಲ್ಲಿಯವರೆಗೆ ಯಾವುದು ಯಾವುದೆಂದು ನಮಗೂ ತಿಳಿಯುತ್ತಿರಲಿಲ್ಲ, ಯಾಕೆಂದರೆ ಈ ಜಾತಿಯಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ. ಆಮೇಲೆ ಅಕ್ಕ ನೂಲನ್ನೆಲ್ಲ ತೆಗೆದು, ಬೆಟ್ಟದ ಬುಡದಿಂದ ಉದ್ದದ ಹುಲ್ಲು ಕಿತ್ತು ತಂದು ಹಾಕಿದಳು. ಮೂಲೆಗೆ ಕಟ್ಟಿದ ಒಂದು ಕುಡಿಕೆಯೊಳಗೆ ಅವು ಆ ಹುಲ್ಲನ್ನು ತುಂಬಿದವು.

ಅದೇ ದಿನಗಳಲ್ಲಿ ಮೊಂಡನಿಗೆ ಒಂದು ವಿಚಿತ್ರ ಅಭ್ಯಾಸ ಶುರುವಾಯಿತು. ಕಡ್ಡಿಯ ಮೇಲೆ ನೆಟ್ಟಗೆ ಕೂತು, ಗಂಟಲಿನ ಪುಕ್ಕ ಉಬ್ಬಿಸಿ, ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸುತ್ತ ಬಾಯಿ ತೆರೆಯುವುದು, ಮುಚ್ಚುವುದು. ಶಬ್ದ ಮಾತ್ರ ಇಲ್ಲ. ಎರಡೂ ಹಕ್ಕಿಗಳು ಕಿಟ್ಟಿ ಕಿಟ್ಟಿ ಎಂದು ಒಂದನ್ನೊಂದು ಕರೆಯುವುದು ಮಗ್ಗದ ನಡುವೆಯೂ ಕೇಳುತ್ತಿತ್ತು. ಒಂದು ಕುಡಿಕೆಯೊಳಗೆ ಹೋದರೆ ಇನ್ನೊಂದು ಕಿಟ್ಟಿ ಅನ್ನುವುದು, ಒಳಗಿನಿಂದ ಕಿಟ್ಟಿ ಎಂಬ ಉತ್ತರ. ಆದರೆ ಇದು ಆ ಕರೆ ಅಲ್ಲ. ಇದು ಬರೀ ಬಾಯಿ.

"ಗಂಟಲಾಗ ಕಾಳು ಸಿಕ್ಕೈತಿ," ಅಂದಳು ಅಮ್ಮ.

"ಕಾಳಲ್ಲ. ಇದಕ್ಕ ಸ್ವರ ಬಿದ್ದೈತಿ. ಬಜಿ ತೇದು ಹಾಕ್ರಿ," ಅಂದಳು ಅಜ್ಜಿ. "ನಿಮ್ಮಪ್ಪಗೂ ಮೂರ್ ವರ್ಷಕ್ಕ ಮಾತು ಬಂದಿದ್ದಿಲ್ಲ. ಬಜಿ ನೆಕ್ಕಿಸಿದ್ನಾ? ಈಗ ನೋಡು, ಬಾಯಿ ಮುಚ್ಚಸಾಕ ಒಬ್ರು ಬೇಕು."

ಮಾತು ತಡವಾದ ಮಕ್ಕಳಿಗೆ ಬಜೆಯ ಬೇರು ತೇಯ್ದು ನೆಕ್ಕಿಸುವುದು ನಮ್ಮಲ್ಲಿ ರೂಢಿ. ಮೊಂಡನ ನೀರಿಗೂ ಎರಡು ದಿನ ಬಜೆ ಬಿತ್ತು. ಹಕ್ಕಿಗಳೆರಡೂ ಚಿಪ್ಪನ್ನು ಮೂಸಿಯೂ ನೋಡಲಿಲ್ಲ. ಮೊಂಡನ ಬಾಯಿ ತೆರೆಯುತ್ತಲೇ ಇತ್ತು, ಸ್ವರ ಬರಲೇ ಇಲ್ಲ.

ಶ್ರಾವಣ ಹುಟ್ಟಿದಾಗ ಮಡಕಶಿರದ ತಾತ ಬಳ್ಳಾರಿಯ ಕಡೆಗೆ ಹೋಗುತ್ತ ನಮ್ಮ ಜಗುಲಿಯಲ್ಲಿ ಭಾರ ಇಳಿಸಿದ. ಅವನ ಹತ್ತಿರ ಆ ಸಲ ಕೆಂಪು ಹಕ್ಕಿಗಳಿದ್ದವು. ಮೆಣಸಿನಕಾಯಿಯ ಕೆಂಪು, ಮೈಮೇಲೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ. ಅದರಲ್ಲೊಂದು ಹಾಡುತ್ತಿತ್ತು. ಹಾಡು ಎತ್ತರದಿಂದ ಶುರುವಾಗಿ, ಮೆಟ್ಟಿಲು ಇಳಿದ ಹಾಗೆ ಇಳಿದು ಬರುತ್ತಿತ್ತು. ಅಪ್ಪ ಮಗ್ಗ ನಿಲ್ಲಿಸಿದ. ಗುಂಡಿಯಿಂದ ಎದ್ದು ಬಾಗಿಲಿಗೆ ಬಂದ. "ಇದು ನನಗೂ ಕೇಳಸ್ತೈತಲ್ಲೋ!" ಅಂದ. ಅಪ್ಪ ಹಾಗೆ ನಕ್ಕಿದ್ದನ್ನು ನಾನು ನೋಡೇ ಇರಲಿಲ್ಲ.

ಆಗ ಬಾಯಿಬಿಟ್ಟವನು ನಾನು. ಇದರಲ್ಲಿ ಅಕ್ಕನಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ.

"ತಾತಾ, ನೀ ಕೊಟ್ಟದ್ದು ಮೂಗ ಹಕ್ಕಿ. ಬಾಯಿ ತೆರೀತೈತಿ, ಹಾಡಂಗಿಲ್ಲ. ಅದನ್ನ ತಗಂಡು ಇದನ್ನ ಕೊಡು," ಅಂದೆ.

ತಾತ ಪಂಜರದೊಳಗೆ ಇಣುಕಿದ. "ಚುಕ್ಕಿಹಕ್ಕಿ ಯಾವತ್ತಪ್ಪ ಹಾಡ್ತು? ನಾನು ಹಿಡಿಯೋಕೆ ಶುರು ಮಾಡ್ದಾಗಿಂದ ಒಂದೂ ಹಾಡಿಲ್ಲ. ಆಗ್ಲಿ ಬಿಡು, ನಂಗೂ ಒಂದು ದೀವದ ಹಕ್ಕಿ ಬೇಕಾಗೈತೆ. ಈ ಕೆಂಪು ಬಳ್ಳಾರಿಯೋರಿಗೆ ಹೇಳಿರೋದು. ಬರೋ ಅಮಾಸೆಗೆ ಇಂಥದ್ದೇ ಇನ್ನೊಂದು ತತ್ತೀನಿ, ಈ ಮೂಗ ಹಕ್ಕೀನ ತಗಂಡು ಹೋಯ್ತೀನಿ," ಅಂದ.

ದೀವದ ಹಕ್ಕಿ ಅಂದರೇನೆಂದು ಅಕ್ಕ ಕೇಳಿದಳು. ಕಾಲಿಗೆ ದಾರ ಕಟ್ಟಿ ಬಲೆಯ ನಡುವೆ ಕೂರಿಸುವ ಹಕ್ಕಿ. ಅದನ್ನು ನೋಡಿ ಬೇರೆ ಹಕ್ಕಿಗಳು ಇಳಿಯುತ್ತವೆ ಎಂದು ತಾತ ಸಹಜವಾಗಿ ಹೇಳಿದ. ಅಕ್ಕ ಮೊಂಡನ ಕಾಲನ್ನು ನೋಡಿದಳು. ದಾರ ಸುತ್ತಿ ಉಗುರು ಕಳೆದುಕೊಂಡ ಕಾಲಿಗೆ ಮತ್ತೆ ದಾರ. ಆದರೆ ಅಪ್ಪ ಆಗಲೇ ತಲೆ ಆಡಿಸಿಬಿಟ್ಟಿದ್ದ.

ಅದಾದ ಎರಡು ವಾರಕ್ಕೆ ಕುಡಿಕೆಯಲ್ಲಿ ಮೊಟ್ಟೆ ಕಾಣಿಸಿದವು. ನಾಲ್ಕು. ಬೆಳ್ಳಗೆ, ದಪ್ಪ ಶೇಂಗಾಬೀಜದಷ್ಟು. ಮೊಂಡ ಸ್ವಲ್ಪ ಹೊತ್ತು, ಚುಕ್ಕಿ ಸ್ವಲ್ಪ ಹೊತ್ತು ಸರದಿಯಂತೆ ಕಾವು ಕೊಡುತ್ತಿದ್ದವು. ಅಕ್ಕ ಲೆಕ್ಕ ಇಟ್ಟಿದ್ದಳು: ಅವಳು ಆರು ಕೊಳವೆ ಸುತ್ತುವಷ್ಟರಲ್ಲಿ ಒಂದು ಸರದಿ ಮುಗಿಯುತ್ತಿತ್ತು. "ಅಪ್ಪಾ, ಒಂದ ಹಕ್ಕಿ ಉಳಿದ್ರ ಅದು ತಿನ್ನಾಕ ಎದ್ದಾಗ ತತ್ತಿ ತಣ್ಣಗಾಗ್ತಾವ," ಎಂದು ಅಪ್ಪನ ಕಿವಿಯಲ್ಲಿ ಕೂಗಿದಳು. ಮಾತು ಕೊಟ್ಟಾಗಿದೆ, ಈಗ ಏನು ಮಾಡಲಿ ಎಂಬಂತೆ ಅಪ್ಪ ಕೈ ತಿರುಗಿಸಿದ. ಅಕ್ಕ ನನ್ನೊಡನೆ ಮಾತು ಬಿಟ್ಟಳು. ನಾನು ಬಗ್ಗಲಿಲ್ಲ. ನನಗೆ ಕೆಂಪು ಹಕ್ಕಿ ಬೇಕಿತ್ತು. ಅಪ್ಪನಿಗೆ ಕೇಳಿಸುವ ಹಕ್ಕಿ ಬೇಕಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಅರ್ಧ ನಿಜ.

ಶ್ರಾವಣ ಮುಗಿಯುವ ಅಮಾವಾಸ್ಯೆ ಬಂತು.

ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಮಗ್ಗ ಮುಟ್ಟುತ್ತಿರಲಿಲ್ಲ. ಮಗ್ಗವನ್ನು ಒರೆಸಿ, ವಿಭೂತಿ ಹಚ್ಚಿ, ಬಟ್ಟೆ ಹೊದಿಸಿ ಬಿಟ್ಟುಬಿಡುವುದು. ತಿಂಗಳಿಗೆ ಒಂದೇ ರಜೆ. ಅದರ ಹಿಂದಿನ ಅಮಾವಾಸ್ಯೆಗೆ ಮನೆತುಂಬ ನೆಂಟರು, ಗದ್ದಲ. ಈ ಸಲ ಯಾರೂ ಇರಲಿಲ್ಲ. ಅಮ್ಮ, ಅಜ್ಜಿ ಹಿತ್ತಲಲ್ಲಿ ಹೋಳಿಗೆಯ ಹೂರಣಕ್ಕೆ ಬೇಳೆ ಬೇಯಿಸುತ್ತಿದ್ದರು. ಅಪ್ಪ ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ.

ಮೌನ ಅಂದರೆ ಏನೂ ಕೇಳದಿರುವುದು ಎಂದು ನೀವು ಅಂದುಕೊಂಡಿರಬಹುದು. ಅಂದು ನನಗೆ ಎಲ್ಲವೂ ಕೇಳುತ್ತಿತ್ತು. ಮೂರನೆಯ ಮನೆಯ ಬಾವಿಯ ರಾಟೆ. ಯಾರದೋ ಮಗುವಿನ ಬಿಕ್ಕಳಿಕೆ. ಬೆಟ್ಟದ ಮೇಲೆ ಎಲ್ಲೋ ಆಡುಗಳ ಕೊರಳಗಂಟೆ. ಬಳ್ಳಾರಿಯ ರೈಲು ಇನ್ನೂ ದೂರವಿದ್ದಾಗ ಹಾಕುವ ಸಿಳ್ಳು. ನೆಲದ ಮೇಲೆ ನನ್ನ ಕಾಲಿನ ಸಪ್ಪಳವೇ ನನಗೆ ಹೊಸದಾಗಿತ್ತು.

ತಾತ ಮಧ್ಯಾಹ್ನಕ್ಕೆ ಬರುವವನಿದ್ದ. ನಾನು ಸ್ಟೂಲಿನ ಮೇಲೆ ನಿಂತು ಪಂಜರಕ್ಕೆ ಮುಖವಿಟ್ಟು ನೋಡುತ್ತಿದ್ದೆ. ಯಾಕೆ ನಿಂತೆ? ಮೊಂಡನನ್ನು ಕಡೆಯ ಸಲ ನೋಡಬೇಕೆಂದು ಅನಿಸಿತ್ತು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಅಕ್ಕನ ಪ್ರಕಾರ, ಕೆಂಪು ಹಕ್ಕಿ ಕೂರಲು ಕಡ್ಡಿ ಯಾವ ಕಡೆ ಕಟ್ಟಬೇಕೆಂದು ಅಳೆಯುತ್ತಿದ್ದೆನಂತೆ. ಅವಳದೇ ಸರಿ ಇರಬೇಕು.

ಚುಕ್ಕಿ ಗೂಡಿನಿಂದ ಹೊರಬಂದು ಮೈ ಕೊಡವಿ ಕಡ್ಡಿಯ ಮೇಲೆ ಕೂತಿತು. ಮೊಂಡ ಅದರ ಪಕ್ಕಕ್ಕೆ ಬಂದ. ನೆಟ್ಟಗಾದ. ಗಂಟಲು ಉಬ್ಬಿತು. ತಲೆ ಆ ಕಡೆ, ಈ ಕಡೆ. ಬಾಯಿ ತೆರೆಯಿತು.

ನೂಲಿನ ಎಳೆಯನ್ನು ಎರಡು ಉಗುರುಗಳ ನಡುವೆ ಹಿಡಿದು ಜಾರಿಸಿದರೆ ಒಂದು ಶಬ್ದ ಬರುತ್ತದೆ. ಕೇಳುತ್ತದೆ ಅನ್ನುವುದಕ್ಕಿಂತ ಬೆರಳಿಗೆ ತಿಳಿಯುತ್ತದೆ. ಮೊದಲು ಅಂಥದ್ದೇನೋ ಬಂತು. ಆಮೇಲೆ ಅದರೊಳಗಿನಿಂದ ತೀರ ತೆಳುವಾದ ಕೊಳಲಿನಂಥ ಎರಡು ಸ್ವರ. ಆಮೇಲೆ ಮತ್ತೆ ಸರ್ರನೆ ಜಾರಿದ್ದು. ನನ್ನ ಉಸಿರೇ ಅಡ್ಡ ಬರುತ್ತಿತ್ತು. ಉಸಿರು ಹಿಡಿದೆ. ಮತ್ತೆ ಬಂತು. ಮೊದಲಿನದೇ ಸಾಲು, ಮೊದಲಿನದೇ ತಿರುವು. ಮೊಂಡ ಹಾಡುತ್ತಿದ್ದ! ಇಷ್ಟು ದಿನವೂ ಹಾಡುತ್ತಲೇ ಇದ್ದ. ನಾವು ಅವನ ನೆತ್ತಿಯ ಮೇಲೆ ಇಡೀ ದಿನ ಮಗ್ಗ ಬಡಿಯುತ್ತಿದ್ದೆವು. ಬಡಿಯುವುದು ನಾವು, ಬಜೆ ಅವನಿಗೆ.

"ಅಕ್ಕಾ!" ಎಂದು ನಾನು ಕೂಗಿದೆ. ಹಾಡು ನಿಂತೇ ಹೋಯಿತು.

ಇಲ್ಲಿ ಅಕ್ಕನ ಕಥೆ ಬೇರೆ. ಮೊದಲು ಕೇಳಿದವಳು ತಾನಂತೆ, ಹಿಂದಿನಿಂದ ಬಂದು ನನ್ನ ಬಾಯಿ ಮುಚ್ಚಿ ಹಿಡಿದಳಂತೆ. ನನ್ನ ನೆನಪಿನಲ್ಲಿ ಅವಳ ಅಂಗೈಯ ಗಂಜಿವಾಸನೆ ಇದೆ, ನಿಜ. ಆದರೆ ಅದು ಕೂಗಿದ ಮೇಲೋ, ಕೂಗುವ ಮೊದಲೋ? ಎಷ್ಟು ಯೋಚಿಸಿದರೂ ಆ ಕೈ ಎರಡೂ ಕಡೆ ಬಂದು ಕೂರುತ್ತದೆ. ಇರಲಿ. ಇಬ್ಬರೂ ಕೇಳಿದೆವು. ಹದಿನೈದು ದಿನದ ಮೇಲೆ ಅಕ್ಕ ನನ್ನೊಡನೆ ಮಾತಾಡಿದಳು. "ಕೇಳಿದೇನಲೇ ಮಂಗ್ಯಾ?" ಅಂದಳು, ಪಿಸುಮಾತಿನಲ್ಲಿ. ನಮ್ಮ ಮನೆಯಲ್ಲಿ ಪಿಸುಮಾತು ಆಡಿದ್ದು ಅದೇ ಮೊದಲಿರಬೇಕು.

ಅಪ್ಪನನ್ನು ಕೈಹಿಡಿದು ಎಳೆದು ತಂದೆವು. ಅಪ್ಪ ಪಂಜರಕ್ಕೆ ಕಿವಿ ಹಚ್ಚಿ ನಿಂತ. ಮೊಂಡ ಸುಮ್ಮನಿದ್ದ. ನಾವು ಕಾದೆವು. ಕಡೆಗೆ ಗಂಟಲು ಉಬ್ಬಿತು, ಬಾಯಿ ತೆರೆಯಿತು. ನನಗೆ ಕೇಳಿತು, ಅಕ್ಕನಿಗೆ ಕೇಳಿತು. ಅಪ್ಪನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಎಲ್ಲೈತೋ? ನನಗೇನೂ ಇಲ್ಲ," ಅಂದ. ಇನ್ನೊಂದು ಕಿವಿ ಹಚ್ಚಿದ. "ಅಕ್ಕ ತಮ್ಮ ಕೂಡಿ ನನ್ನ ಮಂಗ್ಯಾನ್ನ ಮಾಡಾಕತ್ತೀರೇನು?"

ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಪಾಪ, ಅಪ್ಪನ ತಪ್ಪೇನು? ಇಲ್ಲದ್ದನ್ನು ಇದೆ ಎಂದು ಮಕ್ಕಳು ಹೇಳುತ್ತಿದ್ದಾರೆ, ಹಕ್ಕಿಯನ್ನು ಉಳಿಸಿಕೊಳ್ಳಲು ಆಟ ಹೂಡಿದ್ದಾರೆ ಎಂದು ಯಾರಿಗಾದರೂ ಅನಿಸುತ್ತದೆ. ಅಪ್ಪ ಹೊರಟುಹೋಗುತ್ತಿದ್ದ. ಹೋಗುವ ಮುಂಚೆ ಒಂದು ಸಲ ತಿರುಗಿ ನೋಡಿದ. ಮೊಂಡನನ್ನಲ್ಲ, ಚುಕ್ಕಿಯನ್ನು.

ಮೊಂಡ ಇನ್ನೂ ಬಾಯಿ ಆಡಿಸುತ್ತಿದ್ದ. ಚುಕ್ಕಿ ಕಡ್ಡಿಯ ಮೇಲೆ ಸರಿದು ಅವನಿಗೆ ತೀರ ಹತ್ತಿರವಾಯಿತು. ಕತ್ತು ಚಾಚಿತು. ತಲೆಯನ್ನು ಒಂದು ಕಡೆ ವಾಲಿಸಿ ಅವನ ಕೊಕ್ಕಿನ ಹತ್ತಿರ ತಂದು ನಿಲ್ಲಿಸಿತು. ಅಲುಗಾಡಲಿಲ್ಲ. ಹಾಗೇ ಇತ್ತು, ಮೊಂಡ ಮುಗಿಸುವವರೆಗೂ.

ಅಪ್ಪ ವಾಪಸು ಬಂದ. ಅವನ ಕಣ್ಣು ಪಂಜರದಿಂದ ಹಿತ್ತಲ ಬಾಗಿಲಿನ ಕಡೆಗೆ, ಅಮ್ಮ ಇದ್ದ ಕಡೆಗೆ ಹೋಯಿತು, ಮತ್ತೆ ಪಂಜರಕ್ಕೆ ಬಂತು.

"ಹೌದಲೇ," ಅಂದ ನಿಧಾನವಾಗಿ. "ಅದು ಕೇಳಾಕತ್ತೈತಿ. ಥೇಟ್ ನಿಮ್ಮವ್ವ ಮಗ್ಗದಾಗ ನನ್ನ ಬಾಯಿ ನೋಡಿದಂಗ ನಿಂತೈತಿ. ಏನೂ ಇಲ್ದ ಯಾರರ ಹಿಂಗ ನಿಂದರ್ತಾರೇನು?"

ಅಷ್ಟರಲ್ಲಿ ಜಗುಲಿಯ ಮೇಲೆ ಕೋಲು ಇಳಿಸಿದ ಸಪ್ಪಳ. ಮಡಕಶಿರದ ತಾತ ಬಂದಿದ್ದ. ಹೇಳಿದ ಮಾತಿನಂತೆ ಕೆಂಪು ಹಕ್ಕಿ ತಂದಿದ್ದ. ಆ ಮೌನದಲ್ಲಿ ಅದರ ಹಾಡು ಬೀದಿಯನ್ನೇ ತುಂಬಿತು. ಅಪ್ಪನಿಗೂ ಕೇಳಿತು. ಅವನ ಹುಬ್ಬು ಮೇಲೇರಿದ್ದು, ಬಾಯಿಯ ಮೂಲೆ ಅರಳಿದ್ದು ನಾನು ನೋಡಿದೆ. ಅಪ್ಪ ಆ ಪಂಜರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹಾಡನ್ನು ಪೂರ್ತಿ ಕೇಳಿದ. ಇನ್ನೊಂದು ಸಲವೂ ಕೇಳಿದ. ಅಕ್ಕ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು.

ಆಮೇಲೆ ಅಪ್ಪ ಎದ್ದು, "ತಾತಾ, ಇದನ್ನ ನೀ ಒಯ್ಯಿ. ನಮಗ ನಮ್ದು ಇರ್ಲಿ," ಅಂದ.

"ಅಯ್ಯೋ ನಾಯನಾ!" ತಾತ ಹಣೆ ಬಡಿದುಕೊಂಡ. "ಇದಕ್ಕೋಸ್ಕರ ಮೂರು ದಿವ್ಸ ಕೆರೆ ಹಿಂದೆ ಜೊಂಡಿನಾಗೆ ಕುಂತಿದ್ದೀನಿ ಕಣಪ್ಪ. ಹಾಡೋ ಹಕ್ಕೀನ ಬಿಟ್ಟು ಮೂಗ ಹಕ್ಕೀನ ಮಡಿಕ್ಕೊಂತೀನಿ ಅಂತೀಯಲ್ಲ, ನಿನ್ಗೇನು ತಲೆ ಕೆಟ್ಟೈತಾ?"

"ಅದು ಮೂಗ ಅಲ್ಲ," ಅಂದ ಅಪ್ಪ. "ನಾ ಕಿವುಡ."

ತಾತ ನಕ್ಕುಬಿಟ್ಟ. ನಮಗೂ ನಗು ಬಂತು. ಆದರೆ ಅವನು ನಂಬಲಿಲ್ಲ. ಹಲ್ಲಿಲ್ಲದ ಬಾಯಿ ಒರೆಸಿಕೊಂಡು, "ಎಲ್ಲಿ, ನೋಡಾನ," ಎಂದು ಒಳಗೆ ಬಂದು ಸ್ಟೂಲಿನ ಪಕ್ಕ ನಿಂತ. ಕೆಂಪು ಹಕ್ಕಿಯ ಪಂಜರಕ್ಕೆ ಅಕ್ಕ ತನ್ನ ಸೆರಗು ಮುಚ್ಚಿ ಅದನ್ನು ಸುಮ್ಮನಾಗಿಸಿದಳು. ನಾವೆಲ್ಲ ಉಸಿರು ಹಿಡಿದೆವು. ಎಷ್ಟು ಹೊತ್ತಾಯಿತೋ. ಹಿತ್ತಲಲ್ಲಿ ರುಬ್ಬುವ ಕಲ್ಲು ನಿಲ್ಲಿಸಿ ಬರುವಂತೆ ಅಪ್ಪ ಕೈಸನ್ನೆ ಮಾಡಿದ. ಅಮ್ಮ, ಅಜ್ಜಿ ಬಂದು ಹೂರಣದ ಕೈಯಲ್ಲೇ ನಿಂತರು. ಮೊಂಡ ಹಾಡಿದ.

ತಾತನ ಮುಖದಿಂದ ನಗು ಹೋಯಿತು. ತಲೆ ಇನ್ನೂ ಹತ್ತಿರ ತಂದ.  ಕಡೆಗೆ, "ಸಾವಿರ ಹಿಡಿದಿದ್ದೀನಿ," ಅಂದ. "ಹೊಲ್ದಾಗೆ ಗಾಳಿ ನಿಲ್ಲಾದೇ ಇಲ್ಲ ಕಣಮ್ಮ. ನಂಗೊತ್ತೇ ಇರ್ಲಿಲ್ಲ." ಅದನ್ನು ಅವನು ಯಾರಿಗೆ ಹೇಳಿದನೋ ತಿಳಿಯಲಿಲ್ಲ, ಅಕ್ಕ ಮಾತ್ರ "ಹೌದ್ರಿ ತಾತ" ಅಂದಳು.

ಅಷ್ಟಾದ ಮೇಲೂ ತಾತ ವ್ಯಾಪಾರ ಬಿಡಲಿಲ್ಲ. ನನ್ನ ಕಡೆ ತಿರುಗಿ, "ಏನ್ಲಾ ಮರಿ, ಬೇಕೂಂತ ಹಟ ಹಿಡಿದೋನು ನೀನು. ನೀನೇ ಹೇಳು. ಕೆಂಪೋ, ಚುಕ್ಕೀದೋ?" ಅಂದ.

ನನ್ನ ನೆನಪಿನಲ್ಲಿ ನಾನು ಆ ಕ್ಷಣವೇ "ಚುಕ್ಕೀದ" ಎಂದು ಗಟ್ಟಿಯಾಗಿ ಹೇಳಿದೆ. ಅಕ್ಕನ ನೆನಪಿನಲ್ಲಿ ನಾನು ಎರಡೂ ಬೇಕೆಂದು ನೆಲದ ಮೇಲೆ ಹೊರಳಾಡಿ ಅತ್ತೆ, ಅಜ್ಜಿ ಒಂದು ಬಿಸಿ ಹೋಳಿಗೆ ತುರುಕಿದ ಮೇಲೆ ಬಾಯಿ ಮುಚ್ಚಿದೆ, ಆಮೇಲೆ ಯಾವಾಗಲೋ ತುಂಬಿದ ಬಾಯಲ್ಲೇ "ಚುಕ್ಕೀದ" ಅಂದೆ. ಮಕ್ಕಳೇ, ನಿಮಗೆ ಯಾವುದು ಬೇಕೋ ಅದನ್ನು ನಂಬಿ. ಹೋಳಿಗೆ ಇದ್ದದ್ದಂತೂ ನಿಜ.

ತಾತನಿಗೂ ಎಲೆ ಹಾಕಿದರು. ಅವನು ಎರಡು ಹೋಳಿಗೆ ತಿಂದು, ಮೂರನೆಯದನ್ನು ಪಂಚೆಯ ತುದಿಗೆ ಕಟ್ಟಿಕೊಂಡು, ಕೆಂಪು ಹಕ್ಕಿಯನ್ನು ಎತ್ತಿಕೊಂಡು ಹೋದ. ಬೀದಿಯ ತಿರುವಿನವರೆಗೂ ಅದರ ಹಾಡು ಕೇಳುತ್ತಿತ್ತು. ಅಪ್ಪ ಜಗುಲಿಯ ಅಂಚಿಗೆ ಬಂದು ನಿಂತಿದ್ದ. ನಮಗಿಂತ ಎಷ್ಟೋ ಮುಂಚೆ ಅವನಿಗೆ ಅದು ಕೇಳಿಸದಾಗಿರಬೇಕು. ಆದರೂ ತಿರುವು ದಾಟುವವರೆಗೆ ನಿಂತೇ ಇದ್ದ.

ಮರುದಿನ ಮಗ್ಗ ಮತ್ತೆ ಶುರುವಾಯಿತು. ಮೊಂಡ ಬಾಯಿ ತೆರೆದಾಗಲೆಲ್ಲ ಅಕ್ಕ ರಾಟೆ ನಿಲ್ಲಿಸಿ ಬೆರಳು ತೋರಿಸುತ್ತಿದ್ದಳು. ಅಪ್ಪ ಮಗ್ಗದಿಂದಲೇ ತಲೆ ಎತ್ತಿ ಚುಕ್ಕಿಯ ಕತ್ತನ್ನು ನೋಡಿ, ಚೆನ್ನಾಗಿದೆ ಎಂಬಂತೆ ತಲೆದೂಗುತ್ತಿದ್ದ. ಕೆಲವು ದಿನಗಳ ಮೇಲೆ ಮೊಟ್ಟೆ ಒಡೆದವು. ನಾಲ್ಕರಲ್ಲಿ ಮೂರು. ಬೆತ್ತಲೆ ಮರಿಗಳು, ಮುಚ್ಚಿದ ಕಣ್ಣು, ಮೈಯಷ್ಟೇ ದೊಡ್ಡ ಬಾಯಿ. ವಾರ ಕಳೆಯುವುದರೊಳಗೆ ಊಟಕ್ಕೆ ಅವು ಹಾಕುವ ಚೀರಾಟ ಮಗ್ಗದ ಸದ್ದಿಗೂ ಬಗ್ಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಪ್ಪ ಮಗ್ಗ ನಿಲ್ಲಿಸಿ, "ಈ ಸುಳೇಮಕ್ಳದು ನನಗೂ ಕೇಳಸ್ತೈತಿ ನೋಡ್ರಿ!" ಅಂದ. ಅಜ್ಜಿ ಅವನ ಬಾಯಿಮಾತಿಗೆ ಬೈದಳು. ನಿಜವಾಗಿಯೂ ಕೇಳಿಸಿತೋ, ನಮ್ಮ ಸಂತೋಷಕ್ಕೆ ಹಾಗೆ ಹೇಳಿದನೋ, ನನಗೆ ಇಂದಿಗೂ ಗೊತ್ತಿಲ್ಲ. ಅಕ್ಕನಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಅವಳು ಒಪ್ಪಿಕೊಂಡ ವಿಷಯ ಇದೊಂದೇ.

ಈಗ ಅನಂತಪುರದಲ್ಲಿ ನಿಮ್ಮ ಮೂರನೆಯ ಮಹಡಿಯ ಮನೆಯಲ್ಲಿ ಒಂದು ಜೋಡಿ ಜೀಬ್ರಾ ಫಿಂಚ್ ಇವೆ. ನಮ್ಮ ಚುಕ್ಕಿಹಕ್ಕಿಯ ದೂರದ ನೆಂಟರೇ, ಪಂಜರದಲ್ಲೇ ಹುಟ್ಟಿದವು. ಗಂಡಿಗೆ ಕಿತ್ತಳೆ ಬಣ್ಣದ ಕೆನ್ನೆ, ಹಾಗಾಗಿ ತಂದ ದಿನವೇ ನಿಮಗೆ ಯಾರು ಯಾರೆಂದು ಗೊತ್ತಿತ್ತು. ಮೊಟ್ಟೆ ಎಷ್ಟು ದಿನಕ್ಕೆ ಒಡೆಯುತ್ತದೆಂದು ಫೋನು ಹೇಳಿತು, ಈಗ ಒಂದು ಮರಿಯೂ ಇದೆ. ಅವುಗಳ ಹಾಡು ಆಟಿಕೆಯ ಪೀಪಿಯಂತೆ ಫ್ಯಾನು, ಮಿಕ್ಸಿ, ಕೆಳಗಿನ ಆಟೋಗಳ ಮೇಲೂ ಕೇಳುತ್ತದೆ. ನಮ್ಮ ಹಾಗೆ ಹೊಲದ ಹಕ್ಕಿಯನ್ನು ಬಲೆ ಹಾಕಿ ಹಿಡಿದು ಸಾಕುವುದು ಈಗ ಕಾನೂನಿಗೆ ವಿರುದ್ಧ. ಅದು ಸರಿ. ಮೊಂಡನನ್ನು ಹಿಡಿಯುವಾಗ ಯಾರೂ ಅವನನ್ನು ಕೇಳಿರಲಿಲ್ಲ, ಮತ್ತು ನಮಗೆ ಅದು ತಪ್ಪೆಂದು ಹೊಳೆದೂ ಇರಲಿಲ್ಲ. ನಮ್ಮ ಕಾಲ ಒಳ್ಳೆಯದಿತ್ತು ಎಂದು ಹೇಳಲು ನಾನು ಈ ಕಥೆ ಹೇಳುತ್ತಿಲ್ಲ. ನಿಮಗೆ ಮೊದಲೇ ಗೊತ್ತಿರುವ ಎಷ್ಟೋ ವಿಷಯ ನಮಗೆ ಒಂದು ಉಗುರು ಹೋದ ಮೇಲೆ ಗೊತ್ತಾಗುತ್ತಿತ್ತು.

ಆದರೆ ಮೊನ್ನೆ ಭಾನುವಾರ ಒಂದು ಸಂಗತಿ ನಡೆಯಿತು. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಬೆಳಗಿನಿಂದ ಬಾಲ್ಕನಿಯಲ್ಲಿ ಪಂಜರದ ಮುಂದೆ ಕೂತಿದ್ದಳು. ಫೋನು ಒಳಗೆ ಸೋಫಾದ ಮೇಲಿತ್ತು. ಊಟಕ್ಕೆ ಕರೆದರೂ ಬರಲಿಲ್ಲ. ನಾನೇ ಎದ್ದು ಹೋದೆ. ಅವಳು ತಿರುಗಿ ನೋಡದೆ ಹೇಳಿದಳು:

"ತಾತಾ, ಮರಿಹಕ್ಕಿ ಅದರ ಅಪ್ಪನ ಹಾಡನ್ನೇ ಕಲಿತಾ ಇದೆ. ಆದರೆ ಕೊನೇ ಚೂರನ್ನ ಪ್ರತೀ ಸಲ ತಪ್ಪು ಹಾಡುತ್ತೆ. ಅದಕ್ಕೆ ಅದು ತಪ್ಪು ಅಂತ ಗೊತ್ತೇ ಇಲ್ಲ, ಎಷ್ಟು ಜೋರಾಗಿ ಹಾಡುತ್ತೆ ನೋಡು!"

ಇದು ನನಗೆ ಗೊತ್ತಿರಲಿಲ್ಲ. ಇಷ್ಟು ವಯಸ್ಸಾಗಿ, ಇಷ್ಟು ಹಕ್ಕಿ ನೋಡಿ, ಗೊತ್ತಿರಲಿಲ್ಲ.

"ಎಲ್ಲಿ ತಪ್ಪುತ್ತೆ, ತೋರಿಸು," ಎಂದು ನಾನೂ ಒಂದು ಕುರ್ಚಿ ಎಳೆದುಕೊಂಡೆ. ಸಾರು ಆರಿತು. ಯಾರೂ ಬೈಯಲಿಲ್ಲ.